ಅಂಬುಜಮ್ಮನ ಪುಟಕ್ಕೆ ಬೋರಲಿಂಗಯ್ಯ ಹೊದಿಸಿದ ಕಂಬಳಿ

ಸಾತನೂರಿನ ಆ ಬೀದಿಯವರು ಬೋರಲಿಂಗಯ್ಯನ ಬಗ್ಗೆ ಆಡುತ್ತಿದ್ದ ಮಾತು ಒಂದೇ: "ಕನಕಪುರದ ಬಸ್ಸಾದ್ರೂ ಕೈ ಅಡ್ಡ ಇಟ್ರೆ ನಿಲ್ತದೆ, ಬೋರಣ್ಣನ ಮಾತು ನಿಲ್ಲಾಕಿಲ್ಲ." ಪಕ್ಕದ ಮನೆಯ ಚಿಕ್ಕಹನುಮಯ್ಯನಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಬೋರಣ್ಣ ಕತೆ ಶುರು ಮಾಡಿದ ಮೇಲೆ ತಾನು ಹೊಲಕ್ಕೆ ಹೋಗಿ, ಹಿಪ್ಪುನೇರಳೆ ಸೊಪ್ಪು ಕುಯ್ದು, ಹುಳಕ್ಕೆ ಹಾಕಿ ಬಂದು ಕೂತರೂ ಕತೆಯಲ್ಲಿ ಇನ್ನೂ ಬೆಳಗಾಗಿರುವುದಿಲ್ಲ ಎಂದು ಸಾಕ್ಷಿ ನುಡಿಯುತ್ತಿದ್ದ. (ಬೋರಲಿಂಗಯ್ಯ ಇದನ್ನು ಹೊಗಳಿಕೆ ಎಂದೇ ತಿಳಿದಿದ್ದ.)

ಇಂಥ ವಾಗ್ಮಿ ಮನೆಯಲ್ಲಿರುವಾಗ, ಮಹಿಳಾ ಹಾಲು ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಮೊದಲ ಅಧ್ಯಕ್ಷೆ ಅಂಬುಜಮ್ಮನ ಪರಿಚಯ ಕಳಿಸಿ ಎಂದು ಲಿಂಕ್ ಬಂದರೆ ಬರೆಯಲು ಬೇರೆಯವರು ಯಾಕೆ ಬೇಕು? ಅಂಬುಜಮ್ಮನ ಗಂಡ ಎಂಬ ಏಕೈಕ ಅರ್ಹತೆಯ ಮೇಲೆ ಸೊಸೆ ಭಾನುಪ್ರಿಯಳ ಫೋನನ್ನು ಅವನೇ ಕೈಗೆ ತೆಗೆದುಕೊಂಡ.

"ನಂಗೆ ಹಾರ ಬ್ಯಾಡ, ಶಾಲು ಬ್ಯಾಡ," ಎಂದಳು ಅಂಬುಜಮ್ಮ. "ಇಷ್ಟು ವರ್ಸ ಹಾಲು ಅಳೆದಿದ್ದಕ್ಕೆ ಒಂದು ಪುಟ ಬರ್ಲಿ, ಸಾಕು. ಸಂಜೆ ಐದಕ್ಕೆ ಆ ಲಿಂಕು ಮುಚ್ಚೋಯ್ತದಂತೆ. ತಪ್ಪಿಸ್ಬ್ಯಾಡಿ."

ಮಧ್ಯಾಹ್ನ ಮುದ್ದೆ ಉಣ್ಣುವ ಹೊತ್ತಿಗೆ ಬೋರಲಿಂಗಯ್ಯ ಬರೆದು ಮುಗಿಸಿ, ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದತೊಡಗಿದ. ಬರಹದಲ್ಲಿ ಮೊದಲು ಅವನ ಅಜ್ಜ ಬಂದ. ಅಜ್ಜನ ಎತ್ತುಗಳು ಬಂದವು. ಎತ್ತುಗಳ ಅಮ್ಮ ಬಂತು.

"ನಾನೆಲ್ಲಿ ಬತ್ತೀನಿ ಇದ್ರಲ್ಲಿ?" ಎಂದಳು ಅಂಬುಜಮ್ಮ.

"ಬತ್ತೀಯ, ಬತ್ತೀಯ. ಒಸಿ ತಡಿ. ಇನ್ನೂ ನಮ್ಮಪ್ಪಂದೇ ಮದ್ವೆ ಆಗಿಲ್ಲ."

ಅಷ್ಟರಲ್ಲಿ ಭಾನುಪ್ರಿಯ ಒಳಗಿನಿಂದ ಬಂದು ಫೋನು ನೋಡಿದಳು. "ಮಾವ, ಬರೆಯಾಕೆ ಕೊಟ್ಟಿರೋ ಈ ಡಬ್ಬಿ ನೂರೈವತ್ತು ಪದಕ್ಕಿಂತ ಜಾಸ್ತಿ ತಗಳಲ್ಲ. ನಿಮ್ದು ಸಾವ್ರ ದಾಟೈತೆ, ಅದ್ಕೇ ಕೆಂಪಾಗೈತೆ. ತೆಗೀರಿ."

"ಯಾರ್‌ನ ತೆಗೀಲವ್ವ? ಅಜ್ಜನ್ನ ತೆಗುದ್ರೆ ಅಪ್ಪ ಎಲ್ಲಿಂದ ಬತ್ತಾನೆ? ಅಪ್ಪನ್ನ ತೆಗುದ್ರೆ ನಾನೆಲ್ಲಿಂದ ಬರ್ಲಿ?"

"ಅತ್ತೆ ಪುಟ ಅಲ್ವಾ ಮಾವ ಇದು?"

"ನಾನಿಲ್ದೆ ನಿಮ್ಮತ್ತೆ ಈ ಊರಿಗೆ ಬತ್ತಿದ್ಲಾ?"

ವಾದಕ್ಕೆ ತೂಕವಿತ್ತು. ಆದರೆ ಡಬ್ಬಿ ಕೆಂಪಗೆ ಉರಿಯುತ್ತಲೇ ಇತ್ತು.

"ಅದ್ಸರಿ, ಇದು ಪದ ಅಂತ ಎಂಗೆ ಕಂಡಿಡೀತದೆ? ಇದ್ಕೆ ಕನ್ನಡ ಬತ್ತದಾ?"

"ಅರ್ಥ ಗಿರ್ಥ ಏನೂ ಬೇಕಿಲ್ಲ ಅದಕ್ಕೆ. ನಡುವೆ ಖಾಲಿ ಜಾಗ ಕಂಡ್ರೆ ಒಂದು ಪದ ಮುಗೀತು, ಇನ್ನೊಂದು ಶುರುವಾಯ್ತು ಅಂತ ಲೆಕ್ಕ. ಅಷ್ಟೇ."

ಬೋರಲಿಂಗಯ್ಯನ ಕಣ್ಣು ಅರಳಿತು. "ಅಂಗಾದ್ರೆ ಗೆದ್ದೋ ಕಣವ್ವ! ಮಕ್ಕಳನ್ನೆಲ್ಲ ಬಸ್ಸಲ್ಲಿ ಒತ್ತಾಗಿ ಕೂರ್ಸಿ ಒಂದೇ ಕಂಬಳಿ ಹೊದಿಸ್ಬುಟ್ರೆ ಕಂಡಕ್ಟ್ರಿಗೆ ಒಂದೇ ಗಂಟು ಕಾಣಾದು!"

ರಾಗಿ ಹೊಲದಲ್ಲಿ ಕಳೆ ಕೀಳುವವನ ತಾಳ್ಮೆಯಿಂದ ಖಾಲಿ ಜಾಗಗಳನ್ನು ಕೀಳತೊಡಗಿದ. ಅಜ್ಜ ಎತ್ತಿಗೆ ಅಂಟಿಕೊಂಡ, ಎತ್ತು ಅಪ್ಪನ ಮದುವೆಗೆ ಅಂಟಿಕೊಂಡಿತು. ಚುಕ್ಕಿ, ಅಲ್ಪವಿರಾಮಗಳ ತೊಂದರೆ ಇರಲಿಲ್ಲ. (ಮಾತಿನಲ್ಲೇ ಇಲ್ಲದ್ದು ಬರಹಕ್ಕೆ ಎಲ್ಲಿಂದ ಬಂದೀತು?) ಲೆಕ್ಕ ಇಳಿಯಿತು, ಇಳಿಯಿತು, ಕೊನೆಗೆ ಒಂದಕ್ಕೆ ಬಂದು ನಿಂತಿತು. ಡಬ್ಬಿ ಹಸಿರಾಯಿತು.

"ನೋಡು, ನಮ್ ವಂಶ ಪೂರ್ತಿ ಒಂದೇ ಪದ! ಇನ್ನೂ ಬೇಕಾದಷ್ಟು ಜಾಗ ಮಿಕ್ಕೈತೆ. ನಮ್ ಸೋದರಮಾವನ ಕತೇನೂ ಹಾಕ್ಬುಡನಾ?"

"ಓದೋರು ಉಸಿರು ಎಲ್ಲಿ ತಗೋಬೇಕು ಮಾವ?"

"ನಾನೆಲ್ಲಿ ತಗತೀನಿ?"

ಆಗಲೇ ಗೋಡೆಯಾಚೆಯಿಂದ ಚಿಕ್ಕಹನುಮಯ್ಯನ ತಲೆ ಮೂಡಿತು. "ಬೋರಣ್ಣ, ಮೊದ್ಲು ಹಾಲು ಅಳೆದಿದ್ದು ನಮ್ ಜಗಲಿ ಮ್ಯಾಲೆ ಕಣಪ್ಪ. ಅದ ಬರ್ದಿದೀಯಾ, ಇಲ್ಲ ಬರೀ ನಿನ್ ಪುರಾಣನೇಯಾ?"

ಜಗಲಿ ಬರೆದಿರಲಿಲ್ಲ, ಹೆಸರು ಬರೆದಿದ್ದ. ಅಜ್ಜನ ಎತ್ತಿನ ಹಗ್ಗ ಹಿಡಿದವನ ಮೊಮ್ಮಗನೆಂದು ಒಂದು ಕಡೆ ಅವನ ಹೆಸರು ಬಂದಿತ್ತು. ಪುರಾಣ ಎಂದವನಿಗೆ ಇನ್ನು ಚರಿತ್ರೆಯಲ್ಲಿ ಜಾಗ ಕೊಡಬಾರದೆಂದು ಬೋರಲಿಂಗಯ್ಯ ಆ ಹೆಸರನ್ನು ಹುಡುಕಿ, ಅದರ ಮೇಲೆ ಹೆಬ್ಬೆರಳು ಊರಿದ.

ಫೋನು ಪಾಪ ತನ್ನ ಧರ್ಮ ಪಾಲಿಸಿತು. ಈ ಪದ ಎಲ್ಲಿ ಶುರು ಎಂದು ಹಿಂದಕ್ಕೆ ಹೊರಟಿತು. ಖಾಲಿ ಜಾಗ ಸಿಗಲಿಲ್ಲ. ಅಪ್ಪನ ಮದುವೆ ದಾಟಿ, ಎತ್ತು ದಾಟಿ, ಅಜ್ಜನ ತಲೆಯ ತನಕ ಹೋಯಿತು. ಎಲ್ಲಿ ಮುಗಿಯುತ್ತದೆಂದು ಮುಂದಕ್ಕೂ ಕೊನೆಯ ತನಕ ಹೋಯಿತು. ಪರದೆಯೆಲ್ಲ ನೀಲಿಯಾಯಿತು. ಸಿಟ್ಟಿನಲ್ಲಿದ್ದವನಿಗೆ ನೀಲಿಯೇನು, ಹಳದಿಯೇನು? "ತೊಲಗು!" ಎಂದು ಅಳಿಸುವ ಗುಂಡಿ ಒತ್ತಿದ.

ಚಿಕ್ಕಹನುಮಯ್ಯ ತೊಲಗಿದ. ಜೊತೆಗೆ ಎಲ್ಲರೂ ತೊಲಗಿದರು. ಪರದೆ ಹಬ್ಬಕ್ಕೆ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಯಿತು. ಗಾಬರಿಯಲ್ಲಿ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದ್ದರಿಂದ ಅಳಿಸಿದ್ದನ್ನು ವಾಪಸು ತರುವ ಆಸೆಯೂ ಹೋಯಿತು.

"ಹೋಯ್ತು ಮಾವ," ಎಂದಳು ಭಾನುಪ್ರಿಯ. "ಕಂಬಳಿ ಎಳೆದ್ರಿ, ಎಲ್ರೂ ಅದರ ಜೊತೇಲೇ ಹೋದ್ರು."

ಗಡಿಯಾರ ಐದರ ಹತ್ತಿರ ಬಂದಿತ್ತು. ಅಂಬುಜಮ್ಮ ಕೂಗಾಡಲಿಲ್ಲ. (ಕೂಗಾಡಿದ್ದರೆ ವಾಸಿಯಿತ್ತು.) ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು. "ಭಾನು, ಮಾತಾಡಿದ್ರೆ ಅದೇ ಬರ್ಕತ್ತದಲ್ಲ, ಅದ ಒತ್ತು."

ಹಾಲು ಅಳೆಯುವಂತೆಯೇ ಮಾತಾಡಿದಳು. ಒಂದು ಮಾತು ಸುರಿದು, ನೊರೆ ಇಳಿಯಲು ಬಿಟ್ಟು, ಇನ್ನೊಂದು ಸುರಿದಳು. ಅವಳು ನಿಂತಲ್ಲಿ ಫೋನೂ ನಿಂತು, ತಾನೇ ಜಾಗ ಬಿಟ್ಟು ಬರೆದುಕೊಂಡಿತು. "ನಾನು ಅಂಬುಜಮ್ಮ. ಮೊದಲ ದಿನ ಬಂದದ್ದು ಒಂದು ಬಿಂದಿಗೆ ಹಾಲು. ಅಳೆದದ್ದು ಚಿಕ್ಕಹನುಮಯ್ಯನವರ ಜಗಲಿಯ ಮೇಲೆ."

ಬೋರಲಿಂಗಯ್ಯ ಫೋನಿನ ಮೇಲೆ ಬಗ್ಗಿ ಹುಡುಕಿದ. "ಅವನ ಹೆಸ್ರು ಐತೆ, ನಂದೆಲ್ಲಿ?"

"ಗಂಡನ ಹೆಸ್ರು ಎತ್ತಬಾರ್ದು, ಎತ್ತಿದ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತ ಮದ್ವೆ ದಿನ ನೀವೇ ಹೇಳಿದ್ರಲ್ಲ. ಇವತ್ತಿಗೂ ಎತ್ತಿಲ್ಲ."

"ಬೋರಲಿಂಗಯ್ಯ! ಒಂದೇ ಪದ ಕಣಮ್ಮಿ! ಜಾಗ ಐತೆ!"

"ಇರಿ, ಹೆಸ್ರಿಲ್ದಿದ್ರೂ ನಿಮ್ಮನ್ನೂ ಸೇರಿಸ್ತೀನಿ," ಎಂದು ಅಂಬುಜಮ್ಮ ಫೋನಿನ ಕಡೆ ಬಾಗಿದಳು. "ನೀರು ಬೆರೆಸಿ ತಂದವರ ಹಾಲನ್ನು ಮುಲಾಜಿಲ್ಲದೆ ವಾಪಸು ಕಳಿಸಿದೆ. ಮೊದಲು ವಾಪಸು ಹೋದದ್ದು ನಮ್ಮ ಮನೆಯ ಯಜಮಾನರ ಕ್ಯಾನು."

ಬೋರಲಿಂಗಯ್ಯ ಗೋಡೆಯ ಕಡೆ ತಿರುಗಿ, ಚಿಕ್ಕಹನುಮಯ್ಯನ ತಲೆ ಇನ್ನೂ ಅಲ್ಲೇ ಇದೆಯೇ ಎಂದು ನೋಡಿದ.

"ಹೆಸ್ರು ಹಾಕ್ಸ್ಲಾ ಮಾವ?" ಎಂದಳು ಭಾನುಪ್ರಿಯ, ಸೆರಗು ಬಾಯಿಗೆ ಒತ್ತಿಕೊಂಡು.

"ಬ್ಯಾಡ ಬುಡು."

ಡಬ್ಬಿ ಹಸಿರಾಯಿತು. ಪುಟ ಸಂಚಿಕೆಗೆ ಹೋಯಿತು.

ಸಂಜೆ ಹಸು ಕರೆದಾದ ಮೇಲೆ ಬೋರಲಿಂಗಯ್ಯ ಕ್ಯಾನು ಎತ್ತಿಕೊಂಡು ಮನೆಯಿಂದ ಹೊರಗೆ ಕಾಲಿಟ್ಟ. ಚಿಕ್ಕಹನುಮಯ್ಯ ಬೀದಿಯಲ್ಲೇ ಕಾದಿದ್ದ.

"ಏನ್ ಬೋರಣ್ಣ, ನಮ್ ಜಗಲಿ ಬಂತಾ?"

ಪ್ರಶ್ನೆ ಕೇಳಿದ ಕೂಡಲೇ ಬೀದಿಯವರು ಅಭ್ಯಾಸಬಲದಿಂದ ಸಿಕ್ಕ ಕಲ್ಲು, ಕಟ್ಟೆಗಳ ಮೇಲೆ ಕೂತುಬಿಟ್ಟರು.

"ಬಂತು," ಎಂದ ಬೋರಲಿಂಗಯ್ಯ.

ಮುಂದಿನದಕ್ಕಾಗಿ ಎಲ್ಲರೂ ಕಾದರು. ಅವನಾಗಲೇ ಕ್ಯಾನು ಹೊತ್ತು ಡೇರಿಯ ತಿರುವು ದಾಟಿದ್ದ.