ಇಸವಿಯ ಕೆಳಗಿನ ಕೊಳೆ

ನಮ್ಮಣ್ಣ ದುಡ್ಡು ಕಂಡರೆ ಕಣ್ಣು ಕೀಳದೆ ನೋಡುತ್ತಾನೆ. ಆದರೆ ಎಷ್ಟು ರೂಪಾಯಿ ಎಂದು ಮಾತ್ರ ನೋಡುವುದಿಲ್ಲ! ಹತ್ತು ರೂಪಾಯಿಯಾಗಲಿ ಐವತ್ತು ಪೈಸೆಯಾಗಲಿ, ಅವನ ಕಣ್ಣು ನೇರವಾಗಿ ಇಸವಿಯ ಕೆಳಗೆ ಹೋಗುತ್ತದೆ. ಅಲ್ಲೇನಿದೆ ಎನ್ನುತ್ತೀರಾ? ಚುಕ್ಕಿಯೋ ನಕ್ಷತ್ರವೋ, ಎಳ್ಳಿನಷ್ಟು ಸಣ್ಣ ಗುರುತೊಂದಿದೆ. ಆ ನಾಣ್ಯ ಯಾವ ಊರಿನ ಟಂಕಸಾಲೆಯಲ್ಲಿ ಹುಟ್ಟಿತೆಂದು ಹೇಳುವ ಗುರುತು. ತನ್ನ ಮದುವೆಯ ದಿನ ಈ ಮಹಾರಾಯ ಮುಯ್ಯಿ ಕವರುಗಳಿಗೆ ಅಂಟಿಸಿದ ಒಂದೊಂದು ರೂಪಾಯಿಯನ್ನು ಕಿತ್ತು ಕಿಸೆಗೆ ಹಾಕಿಕೊಂಡು, ಒಳಗಿನ ನೋಟುಗಳನ್ನು ಮಂಟಪದಲ್ಲೇ ಮರೆತು ಬಂದ! ಅತ್ತಿಗೆ ಇವತ್ತಿಗೂ ಆ ಮಾತು ಎತ್ತುತ್ತಾಳೆ. ಎತ್ತದೆ ಇರುತ್ತಾಳೆಯೇ?

ಶಹಾಪುರದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಅಣ್ಣ ಬೀಸುತ್ತಾನೆ, ನಾನು ಡಬ್ಬಿಗಳನ್ನು ಸಾಲಾಗಿಟ್ಟು ದುಡ್ಡು ಇಸಿದುಕೊಳ್ಳುತ್ತೇನೆ. ಅಂದರೆ, ಇಸಿದುಕೊಳ್ಳಲು ಹೋಗುತ್ತೇನೆ. ಅಷ್ಟರಲ್ಲಿ ಅಣ್ಣನ ಕೈ ನಡುವೆ ಬಂದಿರುತ್ತದೆ. ಹಿಟ್ಟು ಮೆತ್ತಿದ ಮೂಗಿಗೆ ಭೂತಗನ್ನಡಿ ಹಿಡಿದು, ನಾಣ್ಯದ ಮೇಲಿನ ಹಿಟ್ಟು ಊದಿ ನಿಂತನೆಂದರೆ ಮುಗಿಯಿತು.

"ಅಣ್ಣಾರ, ನನ್ನ ಜ್ವಾಳ ರವಾ ಆಗಾಕತ್ತದ ನೋಡ್ರಿ!" ಎಂದು ಒಬ್ಬಾಕೆ ಒಂದು ದಿನ ಕೂಗಿದಳು.

"ತಡಿಯವ್ವ, ನಿನ್ನ ರೂಪಾಯಿ ನೋಯ್ಡಾದ್ದದ!"

"ನಾ ದೋರನಹಳ್ಳಿಯಾಕಿ ರೀ. ನೋಯ್ಡಾದಾಗ ನಮ್ಮೋರು ಯಾರೂ ಇಲ್ಲ!"

ದೋರನಹಳ್ಳಿ ಎಂದಾಗ ನೆನಪಾಯಿತು. ಒಮ್ಮೆ ಅಲ್ಲಿ ನಮ್ಮ ನೆಂಟರ ಕೂಸಿಗೆ ಹೆಸರಿಡುವ ಕಾರ್ಯ. ಅಣ್ಣ ತಂಗಿ ಇಬ್ಬರೂ ಯಾದಗಿರಿ ಬಸ್ಸು ಹತ್ತಿದೆವು. ಕಂಡಕ್ಟರ್ ಚಿಲ್ಲರೆ ಕೊಟ್ಟದ್ದೇ ತಪ್ಪಾಯಿತು.

"ಸಾಹೇಬ್ರ, ನಿಮ್ಮ ಚೀಲದಾಗ ನಕ್ಷತ್ರ ಅದಾವೇನ್ರಿ?"

"ನಕ್ಷತ್ರ ರಾತ್ರಿ ಬಸ್ಸಿಗಿ ಬರ್ತಾವ್ರಿ. ಈಗ ಕುಂದರ್ರಿ!"

ಅಣ್ಣ ಕೂರುತ್ತಾನೆಯೇ? ಕಂಡಕ್ಟರನ ಪಕ್ಕಕ್ಕೇ ಹೋಗಿ ನಿಂತು, ಒಂದು ಕೊಟ್ಟು ಇನ್ನೊಂದು ತೆಗೆದುಕೊಂಡು, ಅವನ ಚೀಲವನ್ನೆಲ್ಲ ಶೋಧಿಸಿದ. ನಾನೂ ಅದನ್ನೇ ನೋಡುತ್ತಾ ಕೂತೆ. ದೋರನಹಳ್ಳಿ ಯಾವಾಗ ಹಿಂದೆ ಹೋಯಿತೋ! ಯಾದಗಿರಿ ಬಸ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ತಿರುಗಿ ಬರುವಷ್ಟರಲ್ಲಿ ಕೂಸಿಗೆ ಹೆಸರಿಟ್ಟು, ಎಲ್ಲರೂ ಉಂಡು, ಪಾತ್ರೆಯನ್ನೂ ತೊಳೆದಿಟ್ಟಿದ್ದರು. ಅಣ್ಣನಿಗೆ ಹಸಿವೇ ಇರಲಿಲ್ಲ. ಕಿಸೆಯಲ್ಲಿ ಎರಡು ನಕ್ಷತ್ರಗಳಿದ್ದವು!

ಈ ಗುರುತುಗಳ ಪಾಠವನ್ನು ಅವನು ನನಗೆ ದಿನಾ ಹೇಳುತ್ತಿದ್ದ. ನಾನು ಐದನೇ ಇಯತ್ತೆಗೇ ಶಾಲೆ ಬಿಟ್ಟವಳು. ಮನೆಯಲ್ಲೂ ಶಾಲೆ ನಡೆದರೆ ಏನು ಮಾಡಲಿ? ಹಿಟ್ಟು ಸಾಣಿಸುತ್ತಾ "ಹೂಂ, ಹೂಂ" ಎನ್ನುತ್ತಿದ್ದೆ. ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ. ನನ್ನ ಮೊದಲ ತಪ್ಪು ಅದೇ. ಎರಡನೆಯದು ಇದಕ್ಕಿಂತ ದೊಡ್ಡದು.

ಅಣ್ಣನ ಬಳಿ ನಾಣ್ಯಗಳ ಒಂದು ಆಲ್ಬಮ್ ಇದೆ. ಅದರ ಮೊದಲ ಕಿಸೆಯಲ್ಲಿ ಆರು ಮೂಲೆಯ ಇಪ್ಪತ್ತು ಪೈಸೆ. "ಎಲ್ಲಾ ಇದ್ರಿಂದಾನೇ ಸುರು ಆತು. ನಮ್ಮ ಹೈದರಾಬಾದ್ ನಕ್ಷತ್ರ ಇದು," ಎನ್ನುತ್ತಿದ್ದ. ಅತ್ತಿಗೆಗೂ ಅದನ್ನು ಮುಟ್ಟಗೊಡುತ್ತಿರಲಿಲ್ಲ.

ಆ ವರ್ಷ ದೀಪಾವಳಿಗೆ ಗಿರಣಿಯಲ್ಲಿ ಲಕ್ಷ್ಮಿ ಪೂಜೆ. ತಟ್ಟೆಯಲ್ಲಿ ಅಣ್ಣನ ನಾಣ್ಯಗಳನ್ನೇ ಇಡೋಣ, ಅವನಿಗೆ ಖುಷಿಯಾಗಲಿ ಎಂದುಕೊಂಡೆ. ಅವನು ಹೂವು ತರಲು ಹೋದಾಗ ಆಲ್ಬಮ್ ಬಿಚ್ಚಿದರೆ, ಎಲ್ಲವೂ ಕರಿ ಮೋರೆಯವು! ಲಕ್ಷ್ಮಿಯ ಮುಂದೆ ಇಂಥವನ್ನು ಇಡುವುದೇ? ಹುಣಸೆಹಣ್ಣು, ಬೂದಿ ಹಾಕಿ ಹಿತ್ತಾಳೆ ತಂಬಿಗೆ ತಿಕ್ಕಿದ ಹಾಗೆ ತಿಕ್ಕಿದೆ. ಆಹಾ, ಏನು ಹೊಳಪು! ಆರು ಮೂಲೆಯದರಲ್ಲಿ ಮಾತ್ರ, ಇಸವಿಯ ಕೆಳಗೆ ಚೂರು ಕೊಳೆ ಕಚ್ಚಿಕೊಂಡು ಕೂತಿತ್ತು. ನಾನು ಬಿಡುವವಳೇ? ಚಾಕುವಿನ ತುದಿಯಿಂದ ಕೆರೆದೆ. ಅಲ್ಯೂಮಿನಿಯಂ ಮೆತ್ತಗಿರುತ್ತದೆ. ಕೊಳೆ ಹೋಯಿತು. ಗೆದ್ದೆ!

ಅಣ್ಣ ಬಂದ. ತಟ್ಟೆ ನೋಡಿದ. ಆ ಇಪ್ಪತ್ತು ಪೈಸೆಯನ್ನು ಎತ್ತಿಕೊಂಡು ಭೂತಗನ್ನಡಿ ಹಿಡಿದ. ಇಸವಿಯ ಕೆಳಗೆ ಹೆಬ್ಬೆರಳು ಆಡಿಸಿದ.

"ಯಾಕಣ್ಣ, ಫಳಫಳ ಹೊಳ್ಯಾಕತ್ತಾವಿಲ್ಲ?"

"ಹೂಂ. ಲಕ್ಷ್ಮಿ ಕಣ್ಣ ಕುಕ್ಕಂಗ ಹೊಳ್ಯಾಕತ್ತಾವ." ಆಮೇಲೆ ಮೆಲ್ಲಗೆ ಹೇಳಿದ: "ತಂಗಿ, ಇದು ಕಲ್ಕತ್ತಾದ್ದು ಕಾಣ್ತದ."

ಕಲ್ಕತ್ತಾದ್ದಾದರೆ ಇರಲಿ ಬಿಡು ಎಂದು ನಾನು ಕರ್ಪೂರ ಹಚ್ಚಿದೆ.

ಸ್ವಲ್ಪ ದಿನದ ಮೇಲೆ, ನಿವೃತ್ತರಾದ ಮೇಷ್ಟ್ರೊಬ್ಬರು ಗೋಧಿ ಬೀಸಿಸಲು ಬಂದರು. ಅಣ್ಣ ಅವರಿಗೂ ಪಾಠ ಶುರು ಮಾಡಿದ.

"ಶಂಕರಪಾಳಿ ಹಂಗ ನಾಕ ಮೂಲಿ ಗುರುತು ಇದ್ರ ಮುಂಬೈರಿ ಸರ. ನಕ್ಷತ್ರ ಇದ್ರ ನಮ್ಮ ಹೈದರಾಬಾದು. ದುಂಡನ ಚುಕ್ಕಿ ಇದ್ರ ನೋಯ್ಡಾ."

"ಏನೂ ಇರಲಿಲ್ಲಂದ್ರ?"

"ಕಲ್ಕತ್ತಾರಿ. ಹಳೀ ಮನೆತನ ಅದು, ಹೆಸರು ಬರಕೊಳ್ಳಂಗಿಲ್ಲ!"

ಮೇಷ್ಟ್ರು ನಕ್ಕರು. ನನ್ನ ಕೈಯಿಂದ ಜರಡಿ ಬಿತ್ತು. ಏನೂ ಇರದಿದ್ದರೆ ಕಲ್ಕತ್ತಾ! ಅಯ್ಯೋ ದೇವರೇ, ನಾನು ಕೆರೆದು ತೆಗೆದದ್ದು ಕೊಳೆಯಲ್ಲ, ನಕ್ಷತ್ರ!

ಹೇಳಬೇಕಿತ್ತು. ಬಾಯಿ ಬರಲಿಲ್ಲ. ಅಂಥದ್ದೇ ಇನ್ನೊಂದನ್ನು ತಂದಿಟ್ಟರೆ ಸರಿಹೋದೀತು ಎಂದುಕೊಂಡೆ. ಅಣ್ಣ ಇಲ್ಲದಾಗ ಆಲ್ಬಮಿನ ಮೊದಲ ಕಿಸೆ ಇಣುಕಿ ನೋಡಿ, ಇಸವಿಯನ್ನು ಗಿರಣಿಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದುಕೊಂಡೆ. ಅವತ್ತಿನಿಂದ ನನಗೂ ಹುಚ್ಚು ಹಿಡಿಯಿತು ನೋಡಿ! ಕಿರಾಣಿ ಅಂಗಡಿಯ ಗಲ್ಲಾ, ಅತ್ತಿಗೆಯ ತವರಿನ ಹುಂಡಿ, ಮುದುಕಿಯರ ಎಲೆಯಡಿಕೆ ಚೀಲ, ಯಾವುದನ್ನೂ ಬಿಡಲಿಲ್ಲ. ನಕ್ಷತ್ರವಿದ್ದರೆ ಇಸವಿ ಬೇರೆ, ಇಸವಿ ಸರಿಯಿದ್ದರೆ ಶಂಕರಪಾಳಿ! ಆದರೂ ಪ್ರತಿ ಸಲ ನಾಣ್ಯ ತಿರುಗಿಸುವಾಗ ಎದೆ ಢವಢವ ಹೊಡೆದುಕೊಳ್ಳುತ್ತಿತ್ತು. ಅಣ್ಣ ಇಷ್ಟು ವರ್ಷ ಅನುಭವಿಸಿದ ಸುಖ ಇದೇ ಏನು?

ಕೊನೆಗೆ ಅವ್ವನ ತಂಗಿ, ಸುರಪುರದ ಚಿಗವ್ವನ ಮನೆಗೆ ಹೋದಾಗ ಸಿಕ್ಕಿತು. ಅವಳ ಓಣಿಯಲ್ಲಿ ಬೇವಿನ ಮರದ ಕೆಳಗೆ ಹೆಂಗಸರು ಚೌಕಾಬಾರ ಆಡುತ್ತಿದ್ದರು. ಒಬ್ಬ ಅಜ್ಜಿಯ ಕಾಯಿಗಳು ಆರು ಮೂಲೆಯ ಇಪ್ಪತ್ತು ಪೈಸೆಗಳು! ನಾನು ಕೋಳಿಮರಿಯ ಮೇಲೆ ಎರಗಿದ ಹದ್ದಿನಂತೆ ಎಲ್ಲವನ್ನೂ ಬಾಚಿಕೊಂಡೆ.

"ಏ, ಯಾರೇ ನೀ? ಇನ್ನೊಂದು ಮನಿ ನಡದಿದ್ರ ಹಣ್ಣಾಗ್ತಿತ್ತು ನನ್ನ ಕಾಯಿ!"

"ತಡೀ ಯವ್ವ, ಕೆಳಗ ನೋಡ್ತೀನಿ!"

"ಕೆಳಗೇನು ನೋಡ್ತಿ, ನನ್ನ ಮಾರಿ ನೋಡು!"

ಮೂರನೆಯದರಲ್ಲಿ ಅದೇ ಇಸವಿ. ಕೆಳಗೆ ಐದು ಮೂಲೆಯ ನಕ್ಷತ್ರ! ನಾನು ಕುಣಿದುಬಿಟ್ಟೆ. ಅಜ್ಜಿಗೆ ಹೊಸ ಹತ್ತು ರೂಪಾಯಿಯ ನಾಣ್ಯ ಕೊಟ್ಟೆ. "ಇದು ಓಡಂಗಿಲ್ಲ, ಭಾಳ ದಪ್ಪದ," ಎಂದು ಬೈದುಕೊಂಡೇ ಅದನ್ನು ಕಾಯಿ ಮಾಡಿಕೊಂಡಳು.

ಮನೆಗೆ ಬಂದವಳೇ, ಯಾರೂ ಇಲ್ಲದಾಗ ಆಲ್ಬಮ್ ತೆಗೆದೆ. ಮೊದಲ ಕಿಸೆ ಖಾಲಿ. ಕಲ್ಕತ್ತಾದ ಹಾಳೆಯಲ್ಲಿ ಹುಡುಕಿದೆ, ಅಲ್ಲೂ ಇಲ್ಲ. ಕಟ್ಟಕಡೆಯ ಹಾಳೆಯಲ್ಲಿ ಒಂಟಿಯಾಗಿ ಕೂತಿತ್ತು. ಕೆಳಗೆ ಅಣ್ಣನ ಅಕ್ಷರ: "ಟಂಕಸಾಲೆ: ಶಹಾಪುರ. ಗುರುತು: ತಂಗಿಯ ಚಾಕು. ಇಂಥದ್ದು ಇದೊಂದೇ."

ನಗು ಬಂತು. ಅದರ ಹಿಂದೆ ಹಳದಿಯಾದ ಇನ್ನೊಂದು ಚೀಟಿಯಿತ್ತು, ಗುಂಡು ಗುಂಡಾದ ಹುಡುಗನ ಅಕ್ಷರದಲ್ಲಿ: "ತಂಗಿ ಹುಟ್ಟಿದ ದಿನ ಅಜ್ಜಿ ಪೆಪ್ಪರಮಿಂಟಿಗೆ ಕೊಟ್ಟದ್ದು. ಹೊಸಾದು, ಈ ವರ್ಷದ್ದೇ. ಖರ್ಚು ಮಾಡಿಲ್ಲ."

ನಮ್ಮ ಕಡೆ ಶಾಲೆಯ ದಾಖಲೆಯಲ್ಲಿ ಎಷ್ಟೋ ಮಂದಿ ಜೂನ್ ಒಂದಕ್ಕೇ ಹುಟ್ಟಿರುತ್ತಾರೆ. ನನ್ನ ಇಸವಿಯನ್ನೂ ಮಾಸ್ತರರು ಅಂದಾಜಿನಲ್ಲಿ ಬರೆದದ್ದು. ನಾನು ನಿಜವಾಗಿ ಹುಟ್ಟಿದ ವರ್ಷ ಎಲ್ಲೂ ಇಲ್ಲ ಎಂದುಕೊಂಡಿದ್ದೆ. ಅದು ಆ ಇಪ್ಪತ್ತು ಪೈಸೆಯ ಮೇಲೇ ಇತ್ತು. ಅದನ್ನು ನನ್ನ ಕೈಯಾರೆ ಹುಣಸೆಹಣ್ಣು ಹಾಕಿ ತಿಕ್ಕಿದ್ದೆ. ಗಿರಣಿಯ ಬಾಗಿಲ ಹಿಂದೆ ಇಷ್ಟು ದಿನ ಅದನ್ನೇ ಬರೆದಿಟ್ಟುಕೊಂಡಿದ್ದೆ.

ಸುರಪುರದ ನಾಣ್ಯವನ್ನು ಖಾಲಿ ಕಿಸೆಯಲ್ಲಿ ಇಟ್ಟು ಬಂದೆ. ಮರುದಿನ ಅದರ ಕೆಳಗೊಂದು ಚೀಟಿ: "ಆಟ ಕೆಡಿಸಿ ತಂದದ್ದು. ತಂದಾಕಿ: ತಂಗಿ." ಚಿಗವ್ವ ಫೋನು ಮಾಡದೆ ಇರುತ್ತಾಳೆಯೇ?

ಅವನು ಏನೂ ಕೇಳಿಲ್ಲ, ನಾನೂ ಏನೂ ಹೇಳಿಲ್ಲ. ಗಿರಣಿ ಓಡುವಾಗ ಇಂಥ ಮಾತು ಕೇಳಿಸುವುದಿಲ್ಲ, ನಿಂತಾಗ ನನಗೆ ಬಾಯಿ ಬರುವುದಿಲ್ಲ. ಹಾಗಾಗಿ ಇಷ್ಟನ್ನೂ ಕಾಗದಕ್ಕೆ ಇಳಿಸಿದೆ. ಅಣ್ಣ ಇದನ್ನೂ ಭೂತಗನ್ನಡಿ ಹಿಡಿದೇ ಓದುತ್ತಾನೆ, ನನಗೆ ಗೊತ್ತು. ಅದಕ್ಕೇ ಎಲ್ಲದರ ಕೆಳಗೆ, ಅವನ ಕಣ್ಣು ಮೊದಲು ಹೋಗುವ ಜಾಗದಲ್ಲಿ ಬರೆದಿದ್ದೇನೆ:

ಅಣ್ಣ, ನಾ ಅದನ್ನ ಕೊಳಿ ಅನಕೊಂಡಿದ್ದೆ.