ಅರವತ್ನಾಲ್ಕು ಕೆಜಿ ಎಂಟುನೂರು ಗ್ರಾಂ

ಎಲ್ಲದಕ್ಕೂ ಕಾರಣ ಒಂದು ಮೇಕೆ. ಹಗ್ಗ ಬಿಚ್ಚಿಕೊಂಡು ಹಿತ್ತಿಲಿಗೆ ಬಂದು, ತಂತಿಯ ಮೇಲೆ ಒಣಗಲು ಹಾಕಿದ್ದ ಕೂಸಿನ ಅಂಗಿಯನ್ನು ಅರ್ಧ ತಿಂದುಬಿಟ್ಟಿತ್ತು. ಕೊಲ್ಲಾಪುರಮ್ಮ ಸುಮ್ಮನಿರುವ ಹೆಂಗಸಲ್ಲ. ಪೊರಕೆ ಎತ್ತಿಕೊಂಡು ಓಡಿಬಂದವಳೇ, "ತಿಂದೂ ತಿಂದೂ ಕೊಬ್ಬಿಬಿಟ್ಟೀಯ! ಹೋಗು, ಎಲ್ಲಾದ್ರೂ ಹಾಳಾಗಿ ಹೋಗು! ಮತ್ತೆ ಈ ಮನೆ ಮೆಟ್ಟಿಲು ಹತ್ತಬ್ಯಾಡ!" ಎಂದು ಕೂಗಿದಳು. ಅವಳ ಗಂಟಲು ಬಸ್‌ಸ್ಟ್ಯಾಂಡಿನವರೆಗೂ ಕೇಳಿಸುವಂಥದ್ದು.

ಸರಿಯಾಗಿ ಅದೇ ಹೊತ್ತಿಗೆ ಅವಳ ಸೊಸೆ ನಿರ್ಮಲಾ ಬ್ಯಾಗು ಹಿಡಿದು ಮುಂಬಾಗಿಲಿಂದ ಬೀದಿಗಿಳಿದಳು. ಮೇಕೆ ಹಿತ್ತಿಲಲ್ಲಿತ್ತು, ಯಾರಿಗೂ ಕಾಣಲಿಲ್ಲ. ಕಂಡಿದ್ದು ನಿರ್ಮಲಾ ಒಬ್ಬಳೇ. ಕಂಕುಳಲ್ಲಿ ಕೂಸಿಲ್ಲ, ಕಣ್ಣು ಕೆಂಪಗಿದೆ, ನಡಿಗೆ ಬಿರುಸು. ಕೂಸು ರಾತ್ರಿಯೆಲ್ಲ ಮಲಗಲು ಬಿಡದಿದ್ದರೆ ಯಾರ ಕಣ್ಣಾದರೂ ಕೆಂಪಾಗುತ್ತದೆ. ಆದರೆ ಬೀದಿಗೆ ಅಷ್ಟೆಲ್ಲ ಯೋಚನೆ ಮಾಡುವ ಪುರುಸೊತ್ತು ಎಲ್ಲಿಂದ ಬರಬೇಕು?

ನಿರ್ಮಲಾಳಿಗೆ ಅವತ್ತು ದೊಡ್ಡ ದಿನ. ಕುದಾಪುರದ ಹುಲ್ಲುಗಾವಲಿನಲ್ಲಿ ಎದ್ದಿರುವ ಕ್ಯಾಂಪಸ್ಸುಗಳಲ್ಲಿ ಒಂದರ ಗೇಟಿನಲ್ಲಿ ಅವಳು ಮೂರು ವರ್ಷ ಸೆಕ್ಯುರಿಟಿಯಾಗಿದ್ದಳು. ನೀಲಿ ಶರ್ಟು, ಬೆಲ್ಟು, ಟೋಪಿ, ಎದೆಯ ಮೇಲೆ ಹೆಸರಿನ ಪಟ್ಟಿ. ದೊಡ್ಡ ದೊಡ್ಡ ವಿಜ್ಞಾನಿಗಳು ಕಾರು ನಿಲ್ಲಿಸಿ, "ಗುಡ್ ಮಾರ್ನಿಂಗ್ ನಿರ್ಮಲಾ ಮೇಡಂ" ಎಂದು ಗುರುತಿನ ಚೀಟಿ ತೋರಿಸಿ ಒಳಗೆ ಹೋಗುತ್ತಿದ್ದರು. ಊರಲ್ಲಿ ಅವಳು ಕೊಲ್ಲಾಪುರಮ್ಮನ ಸೊಸೆ, ಓಬಳೇಶನ ಹೆಂಡತಿ, ಈಗ ಪಾಪುವಿನ ಅವ್ವ. ಅವಳಿಗೆ ಅಂತ ಒಂದು ಹೆಸರಿದ್ದದ್ದು ಆ ಗೇಟಿನಲ್ಲಿ ಮಾತ್ರ.

ಹೆರಿಗೆಗೆಂದು ರಜೆ ಹಾಕಿ ತವರು ಬಿ.ಜಿ. ಕೆರೆಗೆ ಹೋದಳು. ಆಪರೇಷನ್ ಮಾಡಿ ಕೂಸು ತೆಗೆದರು. ಅವಳವ್ವ ಐದು ತಿಂಗಳು ಬಾಣಂತನ ಮಾಡಿದಳು. ಅಂಟಿನುಂಡೆ, ಕೊಬ್ಬರಿ, ಅನ್ನದ ಮೇಲೆ ತುಪ್ಪ. ಮಗಳು ಎಪ್ಪತ್ತೆಂಟು ಕೆಜಿ ಆಗಿ ಗಂಡನ ಮನೆಗೆ ವಾಪಸ್ಸು ಬಂದಳು. ಇತ್ತ ಗೇಟಿನ ಕಾವಲು ಹಿಡಿದಿದ್ದ ಕಂಟ್ರಾಕ್ಟರು ಹೊಸ ಕಾನೂನು ತಂದಿದ್ದ: ಕೆಲಸಕ್ಕೆ ವಾಪಸ್ಸು ಬರುವವರು ಅರವತ್ತೈದು ಕೆಜಿ ದಾಟಿರಬಾರದು, ಎಂಟುನೂರು ಮೀಟರನ್ನು ಐದು ನಿಮಿಷದಲ್ಲಿ ಓಡಬೇಕು. ಕೂಸು ಹೆತ್ತವಳು ಹೇಗೆ ಓಡುತ್ತಾಳೆಂದು ಅವನನ್ನು ಕೇಳುವವರು ಯಾರು? ಅವನೇನು ಹೆತ್ತಿದ್ದನೇ?

ನಿರ್ಮಲಾ ಓಡಿದಳು. ನಾಲ್ಕು ತಿಂಗಳು, ದಿನಾ ಬೆಳಕು ಹರಿಯುವ ಮುಂಚೆ, ಶೇಂಗಾ ಹೊಲದ ಬದುವಿನ ಮೇಲೆ. ಹೊಲಿಗೆ ಹಾಕಿದ ಜಾಗ ಚುಳ್ಳೆನ್ನುತ್ತಿತ್ತು, ಕುಪ್ಪಸ ಹಾಲಿನಲ್ಲಿ ನೆನೆಯುತ್ತಿತ್ತು, ಆದರೂ ಓಡಿದಳು. ದಪ್ಪಗಿದ್ದಾಗ "ತವರಾಗೆ ಕುಂತು ತಿಂದವ್ಳೆ" ಅಂದಿದ್ದ ಊರು, ಇಳಿಯುತ್ತ ಬಂದಾಗ "ಅತ್ತೆ ಹೊಟ್ಟೆಗೆ ಹಾಕಲ್ಲ" ಅಂದಿತು. ಈ ಗುಟ್ಟೆಲ್ಲ ಗೊತ್ತಿದ್ದದ್ದು ಮನೆಯವರನ್ನು ಬಿಟ್ಟರೆ ಪಕ್ಕದ ಮನೆಯ ಲಕ್ಷ್ಮಕ್ಕನಿಗೆ ಮಾತ್ರ. ಒಡಹುಟ್ಟಿದವಳಿಗಿಂತ ಹೆಚ್ಚು ಲಕ್ಷ್ಮಕ್ಕ. ತನ್ನ ಫೋನು ಕೆಟ್ಟಿದ್ದಾಗ ನಿರ್ಮಲಾ ಸೂಪರ್‌ವೈಸರಿಗೆ ಮಾತಾಡಿದ್ದೂ ಅವಳ ಫೋನಿನಿಂದಲೇ.

ಅವತ್ತು ಬೆಳಿಗ್ಗೆ ದೊಡ್ಡಪಾಲಯ್ಯನ ಹುಣಸೆಹಣ್ಣಿನ ಅಂಗಡಿಗೆ ಹೋಗಿ, ಮೂಟೆ ತೂಗುವ ಯಂತ್ರದ ಮೇಲೆ ನಿಂತಿದ್ದಳು. ಅರವತ್ನಾಲ್ಕು ಕೆಜಿ ಎಂಟುನೂರು ಗ್ರಾಂ. ಇನ್ನೂರು ಗ್ರಾಮಿನ ಅಂತರ! ಹತ್ತು ಗಂಟೆಗೆ ಗೇಟಿನ ಹತ್ತಿರ ಪರೀಕ್ಷೆ, ಹನ್ನೊಂದರ ಮೇಲೆ ಬಂದವರಿಗೆ ಇಲ್ಲ. ಅಲ್ಲಿಯವರೆಗೆ ಗುಟುಕು ನೀರೂ ಕುಡಿಯಬಾರದು ಅಂತ ತೀರ್ಮಾನಿಸಿ, ಕೂಸನ್ನು ಅತ್ತೆಗೆ ಒಪ್ಪಿಸಿ, ಎಂಟೂವರೆಗೆ ಹೊರಟಿದ್ದಳು.

ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಲಕ್ಷ್ಮಕ್ಕ ಓಡಿಬಂದು ರಟ್ಟೆ ಹಿಡಿದಳು.

"ಎಲ್ಲಿಗೆ ಹೊಂಟೆ ನನ್ನವ್ವ? ಅತ್ತೆ ಅಂದ್ಳು ಅಂತ ಸಿಟ್ಟು ಮಾಡ್ಕೆಂಡು ಹೋಗ್ತಾರಾ?"

"ಅಯ್ಯೋ, ಅತ್ತೆ ಬೈದಿದ್ದು ಮೇಕೆಗಕ್ಕ! ನಾನು ಪರೀಕ್ಷೆಗೆ ಹೋಗ್ತಿದೀನಿ, ನಿನಗೆ ಗೊತ್ತೇ ಐತಲ್ಲ."

"ಗೊತ್ತವ್ವ, ನಂಗೆಲ್ಲ ಗೊತ್ತು," ಎಂದು ಲಕ್ಷ್ಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಖಾಲಿ ಹೊಟ್ಟೇಲಿ ಹೋಗ್ಬ್ಯಾಡ. ನನ್ನ ಮೇಲಾಣೆ. ನಮ್ ಸೊಸೆ ರಶ್ಮಿತಾನೂ ಮನೇಲಿಲ್ಲ, ಮೊದಲ್ನೇ ಬಸ್ಸಿಗೇ ಮೊಳಕಾಲ್ಮೂರಿಗೆ ಅವರಣ್ಣನ ಮನೆಗೆ ಹೋದ್ಲು. ಒಬ್ಳೇ ತಿನ್ನಕ್ಕೆ ನಂಗೆ ಸೇರಲ್ಲ."

ಆಣೆ ಇಟ್ಟ ಮೇಲೆ ಮಾಡುವುದೇನು? ಎರಡು ಹಿಡಿ ಒಗ್ಗರಣೆ ಮಂಡಕ್ಕಿ, ಒಂದು ಮೆಣಸಿನಕಾಯಿ ಬಜ್ಜಿ. ನಿರ್ಮಲಾ ಬಾಯಲ್ಲಿ ಅಗಿಯುತ್ತ ಮನಸ್ಸಿನಲ್ಲಿ ತೂಗಿದಳು: ನೂರಾ ಐವತ್ತು ಗ್ರಾಂ. ಇನ್ನೂ ಐವತ್ತು ಉಳಿದಿದೆ. ಅಷ್ಟರಲ್ಲಿ ಬಾಗಿಲಲ್ಲಿ ಐದಾರು ಹೆಂಗಸರು ಸೇರಿದ್ದರು. ಕುದಾಪುರದ ಕಡೆ ಹೋಗುವ ಆಟೋ ಹಾರ್ನ್ ಹೊಡೆದು, ಕಾದು, ಹೊರಟುಹೋಯಿತು.

"ಬಿಡ್ರೀ, ನಾನು ಹೋಗ್ಬೇಕು!" ಎಂದು ನಿರ್ಮಲಾ ಎದ್ದಳು.

"ನೋಡಿದ್ರಾ, ಹೆಂಗೆ ನಡುಗ್ತಾಳೆ," ಎಂದಳು ಒಬ್ಬಳು.

ಅರ್ಧ ಗಂಟೆಯೊಳಗೆ ಅವಳನ್ನು ಬೇವಿನ ಮರದ ಕಟ್ಟೆಗೆ ತಂದು ಕೂರಿಸಿದ್ದರು. ದೊಡ್ಡಪಾಲಯ್ಯನೇ ಊರಿನ ಯಜಮಾನ. ಹುಣಸೆಹಣ್ಣು ತೂಗಿ ಮುಗಿದ ಮೇಲೆ ನ್ಯಾಯ ತೂಗುವುದೂ ಅವನೇ.

"ಮಾವ, ನಮ್ಮನೇಲಿ ಜಗಳಾನೇ ಆಗಿಲ್ಲ," ಎಂದು ನಿರ್ಮಲಾ ಅವನಿಗೆ ಕೈ ಮುಗಿದಳು. "ಹತ್ತು ಗಂಟೆಗೆ ಕೆಲಸದ ಪರೀಕ್ಷೆ ಐತೆ, ಬಿಟ್ಬಿಡ್ರಿ. ಬೇಕಾದ್ರೆ ಲಕ್ಷ್ಮಕ್ಕನ್ನ ಕೇಳ್ರಿ."

ಎಲ್ಲರೂ ಲಕ್ಷ್ಮಕ್ಕನ ಕಡೆ ತಿರುಗಿದರು. ಲಕ್ಷ್ಮಕ್ಕ ಬಾಯಿಗೆ ಸೆರಗು ತುರುಕಿಕೊಂಡು ಬಿಕ್ಕಿದಳು. "ಆ ಮನೆ ವಿಷ್ಯ ನನ್ ಬಾಯಾಗೆ ಯಾಕೆ ಹೇಳಿಸ್ತೀರಿ ಯಜಮಾನ್ರೇ..."

ಕಟ್ಟೆಗೆ ಅಷ್ಟು ಸಾಕಾಯಿತು. ಪಾಪ, ಎಷ್ಟು ಮೆದು ಮನಸ್ಸು ಇವಳದು, ಸಮಯ ಸಂದರ್ಭ ನೋಡದೆ ಅಳುತ್ತಾಳಲ್ಲ ಅಂತ ನಿರ್ಮಲಾ ಒಳಗೇ ಚಡಪಡಿಸಿದಳು.

"ನಂಗೆ ಬೆಳಗ್ಗೆನೇ ಅನುಮಾನ ಬಂದಿತ್ತು," ಎಂದ ದೊಡ್ಡಪಾಲಯ್ಯ. "ಅಂಗಡಿಗೆ ಬಂದು ತೂಕ ನೋಡ್ಕೆಂಡ್ಲು. ಯಾಕವ್ವ ಅಂದ್ರೆ ಸುಮ್ನೆ ನಕ್ಕು ಹೋದ್ಲು. ಜೀವಕ್ಕೆ ಬೇಜಾರಾದೋರೇ ಹಿಂಗಾಡೋದು. ಮೊದ್ಲು ಆ ಹುಡುಗಿಗೆ ಹೊಟ್ಟೆಗೇನಾದ್ರೂ ಕೊಡ್ರಿ."

ಒಂದು ಚೊಂಬು ಮಜ್ಜಿಗೆ ಬಂತು. ಎರಡು ಶೇಂಗಾ ಉಂಡೆ ಬಂದವು. ಬೇಡವೆಂದರೆ ಸಿಟ್ಟು ಇಳಿದಿಲ್ಲ ಅನ್ನುತ್ತಾರೆ, ತಿಂದರೆ ತೂಕ ಏರುತ್ತದೆ. ಬೇಗ ತಿಂದರೆ ಬೇಗ ಬಿಡುತ್ತಾರೆಂದು ಅವಳು ತಿಂದಳು. ತಿಂದದ್ದನ್ನು ನೋಡಿ, "ಎಷ್ಟು ದಿನದಿಂದ ಉಪವಾಸ ಕೆಡವಿದ್ರೋ!" ಎಂದು ಹೆಂಗಸರು ಅರ್ಧ ಮುದ್ದೆ, ಹುರುಳಿ ಸಾರು ತಂದಿಟ್ಟರು. ಐವತ್ತು ಗ್ರಾಮಿನ ಲೆಕ್ಕ ಯಾವಾಗಲೋ ತಪ್ಪಿಹೋಗಿತ್ತು.

ಕೊಲ್ಲಾಪುರಮ್ಮ ಕೂಸನ್ನು ಎತ್ತಿಕೊಂಡು ಬಂದು ಕಟ್ಟೆಯ ಮುಂದೆ ಅಬ್ಬರಿಸಿದಳು. "ಏನ್ ಬಂದೈತೆ ನಿಮಗೆಲ್ಲ? ನಾನು ಬೈದಿದ್ದು ಮೇಕೆಗೆ!"

"ಯಮ್ಮಾ, ಮನುಷ್ಯರ ನ್ಯಾಯದಾಗೆ ಮೇಕೆ ತರಬ್ಯಾಡ," ಎಂದ ದೊಡ್ಡಪಾಲಯ್ಯ.

"ತರ್ತೀನಿ! ಅಂಗಿ ಸಮೇತ ತರ್ತೀನಿ!" ಎಂದು ಅವಳು ಹೋಗಿ ಮೇಕೆಯನ್ನು ದರದರ ಎಳೆದುಕೊಂಡು ಬಂದಳು. ಅಷ್ಟು ಹೊತ್ತಿಗೆ ಅದು ಉಳಿದರ್ಧ ಅಂಗಿಯನ್ನೂ ತಿಂದು ಮುಗಿಸಿತ್ತು. ಸಾಕ್ಷಿಯಿಲ್ಲದ ಮೇಕೆ ಕಟ್ಟೆಯ ಮುಂದೆ ನಿಂತು ಬೇವಿನ ಎಲೆ ಮೇಯತೊಡಗಿತು.

ಫೋನು ಹೋಗಿ, ಚಳ್ಳಕೆರೆ ಮಾರ್ಕೆಟ್ಟಿನಲ್ಲಿ ಈರುಳ್ಳಿ ಇಳಿಸುತ್ತಿದ್ದ ಓಬಳೇಶ ಟೆಂಪೊ ಹೊಡೆದುಕೊಂಡು ಬಂದ. ಒಳ್ಳೆಯವನು. ಹೆಂಡತಿಯ ಓಟದ ಹೊತ್ತು ಕೂಸನ್ನು ಎತ್ತಿಕೊಂಡು ತಿರುಗಿದವನು. ಆದರೆ ನಾಲ್ಕು ಜನ ಕೂತ ಕಡೆ ಅವನ ನಾಲಿಗೆ ಏಳುವುದಿಲ್ಲ.

"ಏನ್ ಮಾಡ್ದೆ ಹೇಳಲೇ," ಎಂದ ದೊಡ್ಡಪಾಲಯ್ಯ.

"ಏನೂ ಮಾಡಿಲ್ಲ ಯಜಮಾನ್ರೇ."

"ಏನೂ ಮಾಡ್ದೆ ಹೆಂಗ್ಸು ಬ್ಯಾಗ್ ಹಿಡ್ಕೆಂಡು ಹೊರಡ್ತಾಳಾ? ನೆನಪು ಮಾಡ್ಕೊ."

ಓಬಳೇಶ ತಲೆ ಕೆರೆದುಕೊಂಡು ಬಹಳ ಹೊತ್ತು ನೆನಪು ಮಾಡಿಕೊಂಡ. "ಯುಗಾದಿ ದಿವ್ಸ ಒಂದ್ ಚೂರು ಕುಡ್ದಿದ್ದೆ..."

"ಹಂಗೆ ಬಾ ದಾರಿಗೆ!" ಎಂದಿತು ಕಟ್ಟೆ.

ಯಾರೋ ಬಿ.ಜಿ. ಕೆರೆಗೆ ಫೋನು ಹಚ್ಚಿ ಸ್ಪೀಕರ್ ಹಾಕಿದರು. ನಿರ್ಮಲಾಳ ಅಪ್ಪ ಬೋರಯ್ಯ ಆ ಕಡೆಯಿಂದ ವಿಷಯವನ್ನೇ ಕೇಳದೆ ಅಳತೊಡಗಿದ. ಗಂಟೆ ಹತ್ತು ದಾಟಿತು. ಕೊನೆಗೆ ದೊಡ್ಡಪಾಲಯ್ಯ ಗಂಟಲು ಸರಿಮಾಡಿಕೊಂಡ.

"ಎಲ್ಲಾ ರಾದ್ಧಾಂತಕ್ಕೂ ಈ ನೌಕರೀನೇ ಮೂಲ. ಕೂಸು ಬಿಟ್ಟು ಗೇಟು ಕಾಯದು ಬ್ಯಾಡ. ಒಪ್ಪಿಗೆನಾ ಓಬಳೇಶ?"

ನಿರ್ಮಲಾ ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ.

"ಆಗ್ಲಿ ಯಜಮಾನ್ರೇ," ಎಂದ.

ಊರು ಏನಾದರೂ ಅನ್ನಲಿ, ಎಲ್ಲ ಗೊತ್ತಿದ್ದೂ ಇವನು ಹೀಗೆ ಅಂದನಲ್ಲ! ಬ್ಯಾಗಿನಿಂದ ಬೂಟು ತೆಗೆದು ಹಾಕಿಕೊಂಡಳು, ಸೀರೆ ಎತ್ತಿ ಕಟ್ಟಿದಳು, ಕಟ್ಟೆಯಿಂದ ಹಾರಿ ಓಡಿದಳು.

"ಅಯ್ಯಯ್ಯೋ, ಕೃಷಿ ಹೊಂಡಕ್ಕೆ ಬೀಳಕ್ಕೆ ಹೋದ್ಲು! ಹಿಡೀರಿ!" ಎಂದು ಲಕ್ಷ್ಮಕ್ಕ ಎದೆ ಬಡಿದುಕೊಂಡಳು. ಇಡೀ ಊರು ಓಬಳೇಶನನ್ನೂ ಎಳೆದುಕೊಂಡು ಬಡಗಲ ಕಡೆಯ ಹೊಂಡಕ್ಕೆ ಧಾವಿಸಿತು. ನಿರ್ಮಲಾ ತೆಂಕಲ ಕಡೆ ಕುದಾಪುರದ ರಸ್ತೆ ಹಿಡಿದಿದ್ದಳು.

ನಾಲ್ಕು ಕಿಲೋಮೀಟರು. ಬಿಸಿಲು ಏರಿತ್ತು, ಎರಡೂ ಕಡೆ ನೆರಳು ಅಂತ ಒಂದು ಗಿಡ ಇರಲಿಲ್ಲ. ಅರ್ಧ ದಾರಿಯಲ್ಲಿ ಮಂಡಕ್ಕಿ, ಮಜ್ಜಿಗೆ, ಮುದ್ದೆ ಎಲ್ಲ ಒಟ್ಟಿಗೆ ವಾಂತಿಯಾಯಿತು. ಬಾಯಿ ಒರೆಸಿಕೊಂಡು ಮತ್ತೆ ಓಡಿದಳು. ಕೂಸಿಗೆ ಹಾಲು ಕೊಡುವ ಹೊತ್ತು ಮೀರಿ ಎದೆ ಕಲ್ಲಾಗಿತ್ತು. ಹೋದರೆ ಪ್ರಾಣ ಹೋಗಲಿ, ಆ ಹೆಸರಿನ ಪಟ್ಟಿ ಬಿಡುವುದಿಲ್ಲ ಅಂದುಕೊಂಡಳು.

ಗೇಟಿನ ಗಡಿಯಾರದಲ್ಲಿ ಹತ್ತು ಐವತ್ತೆರಡು. ಸೂಪರ್‌ವೈಸರ್ ಬಾಲರಾಜ್ ಕುರ್ಚಿಯಿಂದ ಎದ್ದು ನಿಂತ. ಅವಳು ಮಾತಾಡದೆ ನೇರವಾಗಿ ತೂಕದ ಯಂತ್ರ ಹತ್ತಿದಳು. ಅರವತ್ನಾಲ್ಕು ಕೆಜಿ ಏಳುನೂರು ಗ್ರಾಂ.

"ಭಲೇ!" ಎಂದ ಬಾಲರಾಜ್. "ಆ ತಿರುವಿನಿಂದ ನೀವು ಓಡಿ ಬಂದಿದ್ದು ನೋಡಿದೆ. ಗಂಡಸರೂ ಹಂಗೆ ಓಡಲ್ಲ. ಆದ್ರೆ ಮೇಡಂ... ನೀವು ಬರಲ್ಲ ಅಂತ ನಿಮ್ಮೋರೇ ಫೋನ್ ಮಾಡಿದ್ರಲ್ಲ?"

"ಯಾರು ಸಾರ್?"

"ಲಕ್ಷ್ಮಕ್ಕ ಅಂತ. ನೀವೊಮ್ಮೆ ಮಾಡಿದ್ರಲ್ಲ, ಅದೇ ನಂಬರು. ಮನೇಲಿ ದೊಡ್ಡ ಜಗಳ, ಹಿರಿಯರು ಕೂತವ್ರೆ, ಅವ್ಳು ಕೆಲ್ಸಕ್ಕೆ ಬರಲ್ಲ ಅಂತ ಅತ್ತುಬಿಟ್ರು ಪಾಪ. ನಿಮಗೆ ತೊಂದ್ರೆ ಆಗಬಾರದು ಅಂತ ಬದಲಿಗೆ ಒಂದು ಹುಡುಗೀನೂ ಅವರೇ ಕಳ್ಸಿದ್ರು. ಹತ್ತಕ್ಕೆ ಅವಳ ಹೆಸರು ಆಫೀಸಿಗೆ ಹೋಗ್ಬಿಡ್ತು, ಇನ್ನು ಜಾಗ ಇಲ್ಲ."

ಗೇಟಿನ ಆಚೆ, ಮೊಳಕಾಲ್ಮೂರಿನ ಬಸ್ಸು ಹತ್ತಿದ್ದ ರಶ್ಮಿತಾ ನೀಲಿ ಶರ್ಟು ಹಾಕಿಕೊಂಡು ನಿಂತಿದ್ದಳು. ಬೆಲ್ಟಿಗೆ ಹೊಸದಾಗಿ ಎರಡು ತೂತು ಕೊರೆದಿತ್ತು. ನಿರ್ಮಲಾಳನ್ನು ಕಂಡು ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡಳು.

"ಫೋನ್ ಎಷ್ಟೊತ್ತಿಗೆ ಬಂತು ಸಾರ್?"

ಬಾಲರಾಜ್ ತನ್ನ ಮೊಬೈಲು ನೋಡಿ ಹೇಳಿದ. "ಎಂಟೂಕಾಲಿಗೆ."

ಎಂಟೂಕಾಲಿಗೆ ನಿರ್ಮಲಾ ಇನ್ನೂ ಕೂಸಿಗೆ ಹಾಲು ಕೊಡುತ್ತಿದ್ದಳು. ಮೇಕೆ ಇನ್ನೂ ಹಗ್ಗ ಬಿಚ್ಚಿಕೊಂಡಿರಲಿಲ್ಲ.

ಅವಳು ವಾಪಸ್ಸು ಬಂದಾಗ ಊರು ಹೊಂಡದಲ್ಲಿ ಹುಡುಕಿ ಸೋತು, ಒದ್ದೆ ಬಟ್ಟೆಯಲ್ಲಿ ಕಟ್ಟೆಯ ಮೇಲೆ ಕೂತಿತ್ತು. ಬದುಕಿ ಬಂದವಳನ್ನು ಕಂಡು ಜೀವದಲ್ಲಿ ಜೀವ ಬಂದಂತಾಗಿ ಎಲ್ಲರೂ ಎದ್ದರು. ಎಲ್ಲರಿಗಿಂತ ಮುಂದೆ ಲಕ್ಷ್ಮಕ್ಕ, ಕೈಯಲ್ಲಿ ತಟ್ಟೆ. ಹತ್ತಿರ ಬಂದು ತಲೆ ಸವರಿ, ಕಿವಿಯಲ್ಲಿ ಮೆತ್ತಗೆ ಹೇಳಿದಳು.

"ಮನಸಿನಾಗೆ ಇಟ್ಕಬ್ಯಾಡವ್ವ. ನಮ್ ರಶ್ಮಿತಾಗೆ ಮದ್ವೆಯಾಗಿ ನಾಕೇ ತಿಂಗ್ಳು. ಬಸ್ರಿಯಾಗೋ ಮುಂಚೆ ಸೇರಿಸ್ಬೇಕಿತ್ತು ನೋಡು. ತಗ, ಉಣ್ಣು. ಇನ್ನ ನಿನ್ ತೂಕ ಯಾರು ನೋಡ್ತಾರೆ?"

ನಿರ್ಮಲಾಳಿಗೆ ತಡೆಯಲಾಗಲಿಲ್ಲ. "ಲೇ ಮುಂಡೇ! ನೀನು ಹೆಂಗಸಾ? ನನ್ನ ಬಾಳಿಗೆ ಮಣ್ಣು ಹಾಕಿದೆಯಲ್ಲೇ! ಮಾವ, ಎಲ್ಲಾ ಇವಳದೇ ಆಟ, ಇವಳೇ ಎಂಟೂಕಾಲಿಗೆ..."

ಲಕ್ಷ್ಮಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಬಿಕ್ಕಿದಳು. ಊಟ ತಂದವಳನ್ನೇ ಹೀಗೆ ಬೈಯುವುದೇ ಅಂತ ಹೆಂಗಸರು ಮುಖ ಮುಖ ನೋಡಿಕೊಂಡರು. ಓಬಳೇಶ ಮತ್ತೆ ನೆಲ ನೋಡಿದ.

ದೊಡ್ಡಪಾಲಯ್ಯ ತಲೆಯಾಡಿಸಿ ನಿಟ್ಟುಸಿರು ಬಿಟ್ಟ.

"ಪಾಪ, ಸಿಟ್ಟು ಇನ್ನೂ ಇಳಿದಿಲ್ಲ. ಹಿಡ್ಕೆಂಡು ಕೂರಿಸ್ರಿ, ಇನ್ನೊಂದು ಮುದ್ದೆ ಹಾಕ್ರಿ."