ಒಳಗೊಂಬಿನ ಮೋಡೆಮ್

ಗುಂಡ್ಲುಪೇಟೆಯ ಗುರುಪಾದಸ್ವಾಮಿಗೆ ಬೇಕಾಗಿದ್ದುದು ಗೋಡೆ ದಾಟದ ಮೋಡೆಮ್. ಅಂಥದ್ದೊಂದು ಬೇಕೆಂದು ಕೇಳಿದ ಗಿರಾಕಿಯನ್ನು ಇಂಟರ್‌ನೆಟ್ ಕಂಪನಿಯ ಮಹಾಲಿಂಗ ತನ್ನ ಆರು ವರ್ಷದ ಸರ್ವೀಸಿನಲ್ಲಿ ಕಂಡಿರಲಿಲ್ಲ.

ಗುರುಪಾದಸ್ವಾಮಿ ಸಹಕಾರ ಸಂಘದಲ್ಲಿ ಗುಮಾಸ್ತ. ಮೈಯಲ್ಲಿ ಮಂಡಿನೋವು ಬಿಟ್ಟರೆ ಇನ್ನೊಂದೇ ಕಾಯಿಲೆ, ದಾಕ್ಷಿಣ್ಯ. ಮೂರು ವರ್ಷದ ಹಿಂದೆ ಮನೆಗೆ ವೈಫೈ ಬಂದ ದಿನವೇ ಎಡಮನೆಯ ನಂಜುಂಡಪ್ಪ ಪಾಸ್‌ವರ್ಡ್ ಕೇಳಿದ, ಇವನು ಹೇಳಿದ. ಬಲಮನೆಯ ಚಿಕ್ಕನಿಂಗಮ್ಮ ಕೇಳಿದಳು, ಅವಳಿಗೆ ಚೀಟಿಯಲ್ಲಿ ಬರೆದೇ ಕೊಟ್ಟ. ಆಮೇಲೆ ಎರಡು ಸಲ ಧೈರ್ಯ ಮಾಡಿ ಪಾಸ್‌ವರ್ಡ್ ಬದಲಾಯಿಸಿದ್ದುಂಟು. ಎರಡು ಸಲವೂ ಅವರು ಬಂದು ಯಾಕೋ ಬರ್ತಾ ಇಲ್ವಲ್ಲ ಎಂದು ಮುಖ ಸಣ್ಣದು ಮಾಡಿಕೊಂಡರು. ಹೊಸ ಪಾಸ್‌ವರ್ಡ್ ಕೊಟ್ಟು, ತಡವಾದದ್ದಕ್ಕೆ ಕ್ಷಮೆಯನ್ನೂ ಕೇಳಿ ಕಳಿಸಿದ್ದ.

ಇದು ಹೇಗೋ ನಡೆದುಕೊಂಡು ಹೋಗುತ್ತಿತ್ತು. ಆದರೆ ರಾಯಚೂರಿನಲ್ಲಿರುವ ಮಗಳು ನಾಗಲಕ್ಷ್ಮಿಯ ಕೂಸು, ಪುಟ್ಟಿ, ಎರಡು ತಿಂಗಳಿಂದ ಮಾತು ಕಲಿಯುತ್ತಿತ್ತು. ದಿನಾ ಸಂಜೆ ಏಳಕ್ಕೆ ವಿಡಿಯೋ ಕಾಲ್. ಆ ಹೊತ್ತಿಗೆ ಸರಿಯಾಗಿ ಚಿಕ್ಕನಿಂಗಮ್ಮ ಧಾರಾವಾಹಿ ಹಾಕುತ್ತಿದ್ದಳು, ನಂಜುಂಡಪ್ಪ ಕುಸ್ತಿ ನೋಡುತ್ತಿದ್ದ. ಪುಟ್ಟಿ ಬಾಯಿ ತೆರೆದು "ತಾ" ಎನ್ನುವಷ್ಟರಲ್ಲಿ ಪರದೆ ಕಲ್ಲಾಗುತ್ತಿತ್ತು. ಮೊಬೈಲ್ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕಿನ ಮೇಲೆ ಹತ್ತಬೇಕು, ಮಂಡಿ ಒಪ್ಪುವುದಿಲ್ಲ. ಮೊಮ್ಮಗಳು ನನ್ನನ್ನು ತಾತ ಅಂತಾಳೆ ಎಂದು ಸಂಘದಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದ ಗುರುಪಾದಸ್ವಾಮಿ ಆ ಎರಡನೆಯ 'ತ'ವನ್ನು ಇನ್ನೂ ಕೇಳಿಯೇ ಇರಲಿಲ್ಲ. ಅದಕ್ಕಾಗಿ ಒಳಗೊಳಗೇ ಕೊರಗುತ್ತಿದ್ದ.

ಬೇಡ ಅನ್ನಲು ಬಾಯಿ ಬಾರದವನಿಗೆ ಉಳಿದದ್ದು ಒಂದೇ ದಾರಿ. ಕಂಪನಿಯನ್ನೇ ಬದಲಾಯಿಸುವುದು, ಪಕ್ಕದ ಮನೆ ಮುಟ್ಟದಷ್ಟು ಬಡಕಲು ಮೋಡೆಮ್ ಹಾಕಿಸುವುದು. ಈ ಉಪಾಯವನ್ನು ಹೆಂಡತಿ ಕರಿಬಸಮ್ಮನಿಗೂ ಹೇಳಲಿಲ್ಲ. ಅವಳಿಗೆ ಹೇಳುವುದೂ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಹೇಳುವುದೂ ಒಂದೇ ಎಂಬುದು ಅವನ ಇಪ್ಪತ್ತೆಂಟು ವರ್ಷದ ಅನುಭವ.

ಶನಿವಾರ ಮಧ್ಯಾಹ್ನ ಮಹಾಲಿಂಗ ಮೂರು ಮೋಡೆಮ್ ತಂದು ಜಗುಲಿಯ ಮೇಲೆ ಸಾಲಾಗಿ ಇಟ್ಟ. ಇಟ್ಟು ಕೈ ಒರೆಸಿಕೊಳ್ಳುವುದರೊಳಗೆ ನಂಜುಂಡಪ್ಪ ಹಾಜರಾಗಿದ್ದ. ಅವನು ನಲವತ್ತು ವರ್ಷ ಸಂತೆಮರಹಳ್ಳಿ, ಉಮ್ಮತ್ತೂರು ಕಡೆ ದನದ ದಲ್ಲಾಳಿಯಾಗಿದ್ದವನು. ಮೋಡೆಮ್ಮಿನ ಆಂಟೆನಾಗಳನ್ನು ಒಂದೊಂದಾಗಿ ಹಿಡಿದು ಅಲ್ಲಾಡಿಸಿದ, ಬೆನ್ನು ಸವರಿದ, ತಿರುಗಿಸಿ ಹೊಟ್ಟೆ ನೋಡಿದ. ಬಾಯಿ ಬಿಡಿಸಿ ಹಲ್ಲು ನೋಡುವುದೊಂದು ಬಾಕಿ.

"ಕೊಂಬು ನೋಡಿ ತಕಬೇಕು ಗುರುಪಾದಪ್ಪ. ಈ ಎರಡು ಕೊಂಬಿಂದು ಬ್ಯಾಡ. ಈ ಆರು ಕೊಂಬಿಂದು ಕಟ್ಟು, ಹಿತ್ಲು ಗಂಟ ಎಳೀತದೆ" ಎಂದ. ಅವನ ಮಂಚ ಇದ್ದದ್ದು ಹಿತ್ತಲಿನಲ್ಲೇ.

ಹೂವಿನ ಬುಟ್ಟಿಯೊಡನೆ ಬಂದ ಚಿಕ್ಕನಿಂಗಮ್ಮನೂ ಆರು ಕೊಂಬಿಗೇ ಓಟು ಹಾಕಿದಳು. ಹಳೇ ಮೋಡೆಮ್ಮು ಅವಳ ಅಡುಗೆಮನೆಗೆ ಸರಿಯಾಗಿ ಬರುತ್ತಿರಲಿಲ್ಲವಂತೆ. ಅದನ್ನು ಕೇಳಿ ಕರಿಬಸಮ್ಮ ಲೊಚಗುಟ್ಟಿದಳು, ಮೊದಲೇ ಹೇಳಬಾರದಿತ್ತೇ ಎಂದಳು.

ಗುರುಪಾದಸ್ವಾಮಿ ಕೇಬಲ್ ತೋರಿಸುವ ನೆಪದಲ್ಲಿ ಮಹಾಲಿಂಗನನ್ನು ಒಳಗೆ ಕರೆದೊಯ್ದು ವಿಷಯ ಬಿಚ್ಚಿಟ್ಟ. ಮಹಾಲಿಂಗ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಕೊನೆಗೆ ಚೀಲದ ತಳದಿಂದ ಒಂದು ಹಳೇ ಡಬ್ಬ ತೆಗೆದ. ಅದಕ್ಕೆ ಆಂಟೆನಾವೇ ಇರಲಿಲ್ಲ. ಯಾರೋ ಸಿಗ್ನಲ್ ಬರುವುದಿಲ್ಲ ಎಂದು ಬೈದು ವಾಪಸ್ಸು ಕೊಟ್ಟದ್ದು. ಗುರುಪಾದಸ್ವಾಮಿ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡ.

ಜಗುಲಿಗೆ ತಂದಾಗ ನಂಜುಂಡಪ್ಪನ ಮುಖ ಗಂಟಾಯಿತು. "ಇದ್ಯಾವ್ದಪ್ಪ, ಬೋಳುದು?"

"ಇದು ಹೊಸ ಮಾಡ್ಲು ಯಜಮಾನ್ರೆ" ಎಂದ ಮಹಾಲಿಂಗ, ಕಣ್ಣು ಮಿಟುಕಿಸದೆ. "ಕೊಂಬು ಒಳಗಡೆ ಇರ್ತದೆ."

"ಒಳಗೊಂಬಿಂದಾ?" ನಂಜುಂಡಪ್ಪ ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಏನೋ ಲೊಟಕ್ಕೆಂದಿತು. "ಅದೆ ಅದೆ" ಎಂದು ಒಪ್ಪಿಕೊಂಡ.

ಮೋಡೆಮ್ಮನ್ನು ಒಳಕೋಣೆಯಲ್ಲಿ, ರಾಗಿಯ ತಗಡಿನ ಡ್ರಮ್ಮಿನ ಹಿಂದೆ ಕೂರಿಸಿದ್ದಾಯಿತು. ಕರಿಬಸಮ್ಮ ಅದಕ್ಕೂ ಮೂರು ಬೆರಳು ವಿಭೂತಿ ಹಚ್ಚಿ, ಹೊಸ ಪಾಸ್‌ವರ್ಡ್ ಹೇಳಿ, ನೆರೆಯವರಿಬ್ಬರಿಗೂ ಬಾಳೆಹಣ್ಣು ಕೊಟ್ಟು ಕಳಿಸಿದಳು. ಗುರುಪಾದಸ್ವಾಮಿ ತಡೆಯಲಿಲ್ಲ. ಸಾಯಂಕಾಲ ಹಾಲು ತರುವ ನೆಪದಲ್ಲಿ ಮೊಬೈಲ್ ಹಿಡಿದು ನಂಜುಂಡಪ್ಪನ ಹಿತ್ತಲ ಬೇಲಿಯ ಪಕ್ಕ ನಿಂತು ನೋಡಿದ. ವೈಫೈ ಇಲ್ಲ. ಚಿಕ್ಕನಿಂಗಮ್ಮನ ಗೋಡೆಗೆ ಒರಗಿ ನೋಡಿದ. ಅಲ್ಲೂ ಇಲ್ಲ. ಸ್ವಂತ ಜಗುಲಿಯ ಮೇಲೂ ಇಲ್ಲ. ಅವನಿಗೆ ಎಂಥ ಖುಷಿಯಾಯಿತೆಂದರೆ ಹಾಲು ತರುವುದನ್ನೇ ಮರೆತ.

ಆರೂ ಮುಕ್ಕಾಲಿಗೆ ಡ್ರಮ್ಮಿನ ಪಕ್ಕ ಚಾಪೆ ಹಾಕಿ, ತಲೆ ಬಾಚಿಕೊಂಡು ಕುಳಿತ.

ಆರೂ ಐವತ್ತಕ್ಕೆ ಚಿಕ್ಕನಿಂಗಮ್ಮ ಅರ್ಧ ಕಟ್ಟಿದ ಹೂವಿನ ಸಮೇತ ಒಳಕ್ಕೆ ಬಂದಳು. "ನಮ್ಮನೇಲಿ ಬತ್ತಾನೇ ಇಲ್ಲ ಕಣಣ್ಣ. ಅಕ್ಕ ಇಲ್ಲೇ ಬಂದು ನೋಡು ಅಂತು" ಎಂದು ಚಾಪೆಯ ಒಂದು ತುದಿಯಲ್ಲಿ ಕುಳಿತು ಧಾರಾವಾಹಿ ಹಚ್ಚಿದಳು. ಹಿಂದೆಯೇ ನಂಜುಂಡಪ್ಪ, ಕಂಕುಳಲ್ಲಿ ತನ್ನದೇ ಮಡಚುವ ಕುರ್ಚಿ.

"ಒಳಗೊಂಬಿಂದು ಒಳಗೇ ಹಾಯ್ತದೆ ಅನ್ನಾದು ನಂಗೆ ಹೊಳೀನೇ ಇಲ್ಲ ನೋಡು" ಎಂದು ಡ್ರಮ್ಮಿಗೆ ಬೆನ್ನು ಕೊಟ್ಟು ಕುರ್ಚಿ ಬಿಡಿಸಿದ. ಕರಿಬಸಮ್ಮ ಕಾಫಿಗೆ ಹಾಲು ಎಲ್ಲಿ ಎಂದು ಅಡುಗೆಮನೆಯಿಂದ ಕೇಳಿದಳು.

ಏಳಕ್ಕೆ ಕಾಲ್ ಬಂತು. ಪುಟ್ಟಿ ಕಾಣಿಸಿತು, ನಕ್ಕಿತು, ಬಾಯಿ ತೆರೆಯಿತು. "ತಾ" ಎಂದಿತು. ಪರದೆ ಕಲ್ಲಾಯಿತು.

ಆಗ ಗುರುಪಾದಸ್ವಾಮಿ ಐವತ್ತೈದು ವರ್ಷದಲ್ಲಿ ಮಾಡದೇ ಇದ್ದ ಕೆಲಸ ಮಾಡಿದ. "ಒಂದ್ ನಿಮಿಷ ಎಲ್ಲಾರೂ ಆಫ್ ಮಾಡಿ" ಎಂದ. "ನನ್ ಮೊಮ್ಮಗ್ಳು ನನ್ನ ತಾತ ಅಂತದೆ. ಎರಡ್ ತಿಂಗ್ಳಿಂದ ಅರ್ಧನೇ ಕೇಳ್ತಾ ಇವ್ನಿ."

ಚಿಕ್ಕನಿಂಗಮ್ಮನ ಕಣ್ಣು ತುಂಬಿತು. ಮೊದಲೇ ಹೇಳಬಾರದೇ ಎಂದು ಫೋನ್ ಆರಿಸಿ ಮಗುಚಿಟ್ಟಳು. ಕುಸ್ತಿಯೂ ನಿಂತಿತು. ಇಷ್ಟು ಸುಲಭವಿತ್ತೇ ಎಂದು ಗುರುಪಾದಸ್ವಾಮಿಗೆ ತನ್ನ ಮೇಲೇ ಸಿಟ್ಟು ಬಂತು. ಎಲ್ಲರೂ ಅವನ ಭುಜದ ಮೇಲಿಂದ ಬಗ್ಗಿದರು.

ಚಿತ್ರ ಕನ್ನಡಿಯಷ್ಟು ಸ್ವಚ್ಛವಾಯಿತು.

"ತಾ" ಎಂದಿತು ಪುಟ್ಟಿ. ಬಾಯಿ ಮುಚ್ಚಿತು. ಕೈ ಮುಂದೆ ಚಾಚಿತು. ಮತ್ತೆ ಹೇಳಿತು. "ತಾ."

"ಮೊಬೈಲ್ ಕೇಳ್ತಾವ್ಳೆ ಕಣಪ್ಪ" ಎಂದಳು ನಾಗಲಕ್ಷ್ಮಿ. "ದಿನಾ ಇದೇ ಗೋಳು. ಅದೊಂದ್ ಮಾತು ಬುಟ್ರೆ ಇನ್ನೇನೂ ಬರಲ್ಲ."

ಪುಟ್ಟ ಅಂಗೈಯೊಂದು ಪರದೆಯನ್ನು ಪೂರ್ತಿ ಮುಚ್ಚಿತು. ಕಾಲ್ ಕಟ್ಟಾಯಿತು.

ಚಿಕ್ಕನಿಂಗಮ್ಮ ಮೂಗು ಒರೆಸಿಕೊಂಡು ಧಾರಾವಾಹಿಯನ್ನು ಬಿಟ್ಟಲ್ಲಿಂದ ಹಚ್ಚಿದಳು. ನಂಜುಂಡಪ್ಪ ಫೋನು ತಿರುಗಿಸಿ ನೋಡಿ, ಗುರುಪಾದಸ್ವಾಮಿಯ ಕಡೆಗೆ ಕೈ ಚಾಚಿದ.

"ಬ್ಯಾಟ್ರಿ ಮುಗ್ದೋಯ್ತು ಗುರುಪಾದಪ್ಪ. ಒಸಿ ಚಾರ್ಜರ್ ತಾ."

ಗುರುಪಾದಸ್ವಾಮಿ ಮಂಡಿ ಹಿಡಿದುಕೊಂಡು ಎದ್ದು ಚಾರ್ಜರ್ ತಂದುಕೊಟ್ಟ.